ದಾರಂದದ ಬಣ್ಣ

ಒಂದು ಮನೆಯ ಯಜಮಾನನ ಅಭಿರುಚಿಯನ್ನು ಅಳೆಯಬೇಕಾದರೆ ಗೋಡೆಯನ್ನು ನೋಡಬಾರದು, ದಾರಂದವನ್ನು ನೋಡಬೇಕು ಎಂದು ನಾನು ಬಹಳ ಕಾಲ ಹೇಳಿಕೊಂಡು ತಿರುಗುತ್ತಿದ್ದೆ. ಗೋಡೆಗೆ ಸುಣ್ಣವೋ ಡಿಸ್ಟೆಂಪರೋ ಬಳಿಯುವಾಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಾಗಿಲ ಚೌಕಟ್ಟು, ಕಿಟಕಿಯ ಪಟ್ಟಿ, ಮಾಡಿನಂಚಿನ ಕೊರೆದ ಹಲಗೆ ಇವುಗಳ ಹತ್ತಿರ ಬಂದಾಗಲೇ ಮನುಷ್ಯನ ನಿಜಬಣ್ಣ ಹೊರಬೀಳುವುದು.

ನಮ್ಮ ಮಲೆನಾಡಿನ ಮನೆಯ ಹೆಬ್ಬಾಗಿಲಿನದು ಹಲಸಿನ ದಾರಂದ. ಮೇಲುಪಟ್ಟಿಯ ನಡುವೆ ಗಜಲಕ್ಷ್ಮಿ, ಎರಡೂ ಕಡೆ ಬಳ್ಳಿ, ಬಳ್ಳಿಯಲ್ಲಿ ಗಿಳಿಗಳು. ಹಲಸು ಕೊಯ್ದಾಗ ಅರಿಸಿನದ ಬಣ್ಣಕ್ಕಿದ್ದು, ವರ್ಷ ಕಳೆದಂತೆ ಕಾಫಿಯ ಬಣ್ಣಕ್ಕೆ ತಿರುಗುವ ಮರ. ಅದಕ್ಕೆ ಬೇಕಾದದ್ದು ಅಷ್ಟಿಷ್ಟು ಎಣ್ಣೆ ಮಾತ್ರ. ಕರಾವಳಿಯ ಕಡೆ ಗೆದ್ದಲು ಹತ್ತದಿರಲೆಂದು ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರಲ್ಲ, ಹಾಗೆ. ಆದರೆ ನಮ್ಮಲ್ಲಿ ಮದುವೆ ಬಂತೆಂದರೆ ಆಯಿಲ್ ಪೇಂಟಿನ ಡಬ್ಬವೂ ಬರಬೇಕು. ಚಿಕ್ಕಪ್ಪನ ಮದುವೆಗೆ ಆಕಾಶನೀಲಿ. ಅಕ್ಕನ ಮದುವೆಗೆ ಚಾಕಲೇಟು. ನನ್ನ ಮದುವೆಗೆ ಹಸಿರು, ಅದೂ ಬಸ್ ನಿಲ್ದಾಣದ ಕಂಬಗಳ ಹಸಿರು. ಒಂದೊಂದು ಮದುವೆಗೂ ಗಿಳಿಯ ಕೊಕ್ಕು ಒಂದಿಷ್ಟು ಮೊಂಡಾಗುತ್ತ ಬಂದು, ಕೊನೆಗೆ ಗಿಳಿಗಳೆಲ್ಲ ಕೋಳಿಮರಿಗಳಾದವು. ಲಕ್ಷ್ಮಿಯ ಮುಖದಲ್ಲಿ ಮೂಗು ಹೋಗಿ ಕೇವಲ ಗಾಂಭೀರ್ಯ ಉಳಿಯಿತು.

ಇದು ಬಣ್ಣದ ತಪ್ಪಲ್ಲ, ಬಳಿಯುವ ಕ್ರಮದ ತಪ್ಪು. ಹಳೆಯ ಪದರವನ್ನು ಉಜ್ಜಿ ತೆಗೆಯದೆ, ತೆಳುವಾಗಿ ಎರಡು ಸಲ ಹೊಡೆಯುವುದನ್ನು ದಪ್ಪವಾಗಿ ಒಂದೇ ಸಲ ಹೊಡೆದರೆ ಎನಾಮಲ್ ಹೋಗಿ ತಗ್ಗಿನಲ್ಲಿ ನಿಲ್ಲುತ್ತದೆ. ಕೆತ್ತನೆಯ ಜೀವವಿರುವುದೇ ಆ ತಗ್ಗಿನಲ್ಲಿ. ಚೌಕಟ್ಟಿನ ಅಂಚಿಗೆ ಬಡಗಿ ಎರಡು ಗೀರು ಎಳೆಯುತ್ತಾನಲ್ಲ, ಅದು ನೆರಳಿಗೆ ಅವನು ತೋಡಿಕೊಟ್ಟ ಕಾಲುವೆ. ಬೆಳಗಿನ ಬಿಸಿಲಿನಲ್ಲಿ ಒಂದು ಆಕಾರ, ಸಂಜೆಯ ದೀಪದಲ್ಲಿ ಇನ್ನೊಂದು. ಹೊಳಪಿನ ಎನಾಮಲ್ ಬೆಳಕನ್ನೆಲ್ಲ ಮುಖಕ್ಕೇ ಎರಚಿ ಆ ನೆರಳನ್ನು ಕೊಂದುಹಾಕುತ್ತದೆ. ಬಿಳಿ ಬಳಿದರೆ ಕ್ಷೇಮವೆಂದು ತಿಳಿಯುವವರಿಗೂ ಒಂದು ಮಾತು: ಎಣ್ಣೆಯ ಬಿಳಿ ಬಣ್ಣ ಬೆಳಕು ತಾಕದ ಒಳಕೋಣೆಯಲ್ಲೇ ಬೇಗ ಹಳದಿಗಟ್ಟುವುದು.

ಇಷ್ಟು ಹೇಳಿದ ಮೇಲೆ, ಮರವನ್ನು ಬತ್ತಲೆ ಮಾಡಿದರೇ ಸೌಂದರ್ಯವೆನ್ನುವವರ ಪಕ್ಷಕ್ಕೆ ನಾನು ಸೇರಿದೆನೆಂದು ಓದುಗರು ಭಾವಿಸಬಾರದು. ಹಿಂದೊಮ್ಮೆ ಸೇರಿದ್ದೆ. ಹಳ್ಳಿಯ ಮನೆಗಳ ಬಾಗಿಲನ್ನು ಕಿತ್ತು ತಂದು, ಖಾರದ ನೀರಿನಲ್ಲಿ ತೊಳೆದು, ಗಾಜು ಹೊದಿಸಿ ಟೀಪಾಯಿ ಮಾಡಿಕೊಂಡವರ ಮನೆಗಳಲ್ಲಿ ಕಾಫಿ ಕುಡಿದು ತಲೆದೂಗಿದ್ದೇನೆ. ಆಮೇಲೆ ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನು ನಿಧಾನವಾಗಿ ನೋಡಿದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಿಗೆ ಅರಮನೆ ಬಹುಪಾಲು ತೇಗದ್ದು. ಕಂಬ, ಕಮಾನು, ಮುಚ್ಚಿಗೆ ಯಾವುದನ್ನೂ ಬಣ್ಣವಿಲ್ಲದೆ ಬಿಟ್ಟಿಲ್ಲ. ಕೊಪ್ಪಳದ ಹತ್ತಿರ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗೆ ಹಾಕುವ ಕೆಂಪು, ಹಳದಿಗಳನ್ನು ಕಂಡವರು ನಮ್ಮ ಹಿರಿಯರಿಗೆ ಮರದ ಎಳೆಯ ಮೇಲೆ ಇಂಥ ಭಕ್ತಿಯಿತ್ತೆಂದು ಹೇಳಲಾರರು. ಬೆಂಗಳೂರಿನ ಹಳೆಯ ಬಂಗಲೆಗಳ ಮಂಕಿ ಟಾಪನ್ನೇ ನೋಡಿ. ಕಿಟಕಿಯ ನೆತ್ತಿಯ ಮೇಲಿನ ಆ ಮರದ ಜಾಲರಿ ಟೋಪಿಗೆ ಬಣ್ಣ ಬಳಿಯದೆ ಬಿಟ್ಟಿದ್ದರೆ ಮಳೆ ಬಿಸಿಲಿಗೆ ಅದು ಎಂದೋ ಉದುರಿಹೋಗುತ್ತಿತ್ತು. ಬತ್ತಲೆ ಮರವೂ ಒಂದು ಫ್ಯಾಷನ್ನೇ. ಚಾಕಲೇಟು ಬಣ್ಣದಷ್ಟೇ.

ಉಪ್ಪುಕಾಗದ ಹಿಡಿದು ಹೊರಡುವವರು ಇನ್ನೊಂದನ್ನು ತಿಳಿದಿರಬೇಕು. ಹಳೆಯ ಎನಾಮಲ್‌ನಲ್ಲಿ ಸೀಸ ಇರುವ ಸಂಭವ ಬಹಳ. ಮನೆಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ನಿಯಮ ಬಂದದ್ದೇ 2016ರಲ್ಲಿ, ಜಾರಿಯಾದದ್ದು ಮರುವರ್ಷ. ನಾನು ಅದೊಂದನ್ನೂ ಅರಿಯದೆ ಒಂದು ಬೇಸಿಗೆ ಗಿಳಿಗಳನ್ನು ಬಿಡುಗಡೆ ಮಾಡುತ್ತೇನೆಂದು ಒಣ ಉಜ್ಜು ಉಜ್ಜಿದೆ. ಆ ಧೂಳಿನಲ್ಲೇ ತೆವಳುವ ಮಗುವೊಂದು ಮನೆಯಲ್ಲಿತ್ತು. ಏನೂ ಆಗಲಿಲ್ಲ, ಅಥವಾ ಆದದ್ದು ನಮಗೆ ಕಾಣಲಿಲ್ಲ. ನೀರು ಹಾಕಿಕೊಂಡು ಉಜ್ಜಬೇಕು, ಮಕ್ಕಳನ್ನು ಆಚೆ ಕಳಿಸಬೇಕು ಎಂದು ಈಗ ಕಂಡಕಂಡವರಿಗೆಲ್ಲ ಹೇಳುತ್ತೇನೆ. ಆ ಬೇಸಿಗೆ ಹೊರಬಂದದ್ದು ಒಂದೂವರೆ ಗಿಳಿ.

ನನ್ನ ಟೀಕೆಗೆಲ್ಲ ಹೆಚ್ಚು ಗುರಿಯಾದದ್ದು ಮಾತ್ರ ಹೊಸ್ತಿಲು. ನೀವೂ ನೋಡಿರುತ್ತೀರಿ: ಹೊಸ್ತಿಲಿಗೆ ಹಳದಿ ಆಯಿಲ್ ಪೇಂಟು, ಅದರ ಮೇಲೆ ಕೆಂಪು ಬೊಟ್ಟು, ಬಿಳಿ ಎಳೆಯ ರಂಗೋಲಿ. ದಿನಾ ತೊಳೆದು ದಿನಾ ಅರಿಸಿನ ಕುಂಕುಮ ಇಡುವ ಕೆಲಸವನ್ನು ಐದು ವರ್ಷಕ್ಕೊಮ್ಮೆ ಪೇಂಟರನಿಗೆ ಗುತ್ತಿಗೆ ಕೊಡುವ ಈ ಉಪಾಯದಷ್ಟು ಸುಳ್ಳಾದದ್ದು ನಮ್ಮ ಮನೆಗಳಲ್ಲಿ ಇನ್ನೊಂದಿಲ್ಲ ಎಂದು ನಾನು ನಾಲ್ಕು ಜನರ ಮುಂದೆ ವಾದಿಸಿದ್ದೇನೆ. ಒಂದು ಸಲ ಊರಿಗೆ ಹೋದಾಗ ನೋಡುತ್ತೇನೆ, ನಮ್ಮ ಹೊಸ್ತಿಲೇ ಹಳದಿ. ಅಮ್ಮ ಒಳಗಿನಿಂದ ಬಂದವಳು ಗೋಡೆ ಹಿಡಿದುಕೊಂಡೇ ನಿಂತಿದ್ದಳು. ನನಗೆ ಇನ್ನು ಬಗ್ಗಲಿಕ್ಕೆ ಆಗುವುದಿಲ್ಲ ಕಣೋ, ಬೋಳು ಹೊಸ್ತಿಲು ನೋಡಲಿಕ್ಕೂ ಆಗುವುದಿಲ್ಲ, ಎಂದಳು. ಬೊಟ್ಟುಗಳು ಒಂದೇ ಅಳತೆಯಲ್ಲಿಲ್ಲವೆಂದು ಪೇಂಟರನನ್ನು ಬೈದಳು. ತಾನು ಇಡುತ್ತಿದ್ದಾಗ ಎಷ್ಟು ಅಂತರವಿರುತ್ತಿತ್ತೆಂದು ಬೆರಳಲ್ಲಿ ತೋರಿಸಿದಳು. ನಾನು ಸಿದ್ಧಮಾಡಿಟ್ಟುಕೊಂಡಿದ್ದ ವಾದ ಯಾವುದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಈಗ ಅಮ್ಮನಿಲ್ಲ. ಹೊಸ್ತಿಲು ತುಳಿಯಬಾರದೆಂದು ಎಷ್ಟು ಹೇಳಿದರೂ ಮಕ್ಕಳು ತುಳಿದೂ ತುಳಿದೂ ನಡುಭಾಗದ ಹಳದಿ ಸವೆದಿದೆ. ಅಡಿಯ ಹಲಸು ಕಾಣುತ್ತಿದೆ. ಎರಡು ತುದಿಗಳಲ್ಲಿ ಮೂರು ಮೂರು ಬೊಟ್ಟು ಉಳಿದಿವೆ. ಪೂರ್ತಿ ಕೆರೆದು ಎಣ್ಣೆ ಹಚ್ಚಿ ಎನ್ನುತ್ತಾನೆ ತಮ್ಮ. ಅವನೂ ಇಂಥ ಪ್ರಬಂಧಗಳನ್ನು ಓದುವವನು. ಹೊಸದಾಗಿ ಹಳದಿ ಹೊಡೆಸೋಣ ಎನ್ನುತ್ತಾಳೆ ನನ್ನ ಹೆಂಡತಿ. ಅವಳಿಗೂ ಮಂಡಿನೋವು ಶುರುವಾಗಿದೆ. ದೀಪಾವಳಿಗೆ ಇನ್ನು ಮೂರು ವಾರ. ಪೇಂಟರ ಎರಡು ಸಲ ಬಂದು ಕೇಳಿಹೋದ.