ಗಳಗನಾಥರೂ ಓದಲೊಲ್ಲದ ವಿದ್ಯಾರ್ಥಿಯೂ

ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ತುಂಗಭದ್ರೆಯ ದಂಡೆಯ ಮೇಲಿನ ಗ್ರಾಮ. ಅದೇ ನದಿಯ ಮೇಲ್ಗಡೆ, ವರದೆ ಬಂದು ಕೂಡುವಲ್ಲಿ, ಗಳಗನಾಥ. ಕೆಳಗಡೆ ಆನೆಗೊಂದಿ, ಹಂಪೆ. ಗಳಗನಾಥದಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ವಿಜಯನಗರದ ಸ್ಥಾಪನೆಯನ್ನು ಕುರಿತು 'ಮಾಧವ ಕರುಣಾ ವಿಲಾಸ'ವನ್ನು (1923) ಬರೆದರು. ಈ ಎರಡರ ನಡುವಿನ ಕೊರ್ಲಹಳ್ಳಿಯಂಥ ಊರಿನ ಹದಿನೈದರ ಹುಡುಗನು ಪುಸ್ತಕವನ್ನು ಕಂಡೊಡನೆ ಮುಖ ತಿರುಗಿಸುವುದಾದರೆ ಅವನಿಗೆ ಓದನ್ನು ಕಲಿಸುವ ಬಗೆ ಯಾವುದು? ಈ ಪ್ರಶ್ನೆಯನ್ನಿಟ್ಟುಕೊಂಡು ಗಳಗನಾಥರನ್ನು ಮತ್ತೆ ನೋಡಬೇಕೆಂಬುದು ನಮ್ಮ ವಿವಕ್ಷೆ.

ವಿಮರ್ಶಕರು ಅವರಲ್ಲಿ ಕಂಡ ದೋಷಗಳು ಸುಳ್ಳಲ್ಲ. ಹರಿ ನಾರಾಯಣ ಆಪಟೆಯವರ ಮರಾಠಿ ಕೃತಿಗಳ ಋಣ ದೊಡ್ಡದು. ಉಪದೇಶವು ಕಥೆಯನ್ನು ಆಗಾಗ ತಡೆದು ನಿಲ್ಲಿಸುತ್ತದೆ. ಇತಿಹಾಸದ ಅಧ್ಯಾಪಕರಾದ ನಮಗೆ ಇನ್ನೂ ಒಂದು ತಕರಾರುಂಟು: ಐತಿಹ್ಯಕ್ಕೂ ಶಾಸನದ ಸಾಕ್ಷ್ಯಕ್ಕೂ ಇರುವ ಭೇದವನ್ನು ಅವರು ಅಷ್ಟಾಗಿ ಎಣಿಸಲಿಲ್ಲ. ಆದರೆ ಇವೆಲ್ಲ ಆಗಲೇ ಓದುಗನಾದವನ ಅಳತೆಗೋಲುಗಳು. ಗಳಗನಾಥರ ಎದುರಿಗಿದ್ದುದು ಇನ್ನೂ ಓದುಗನಾಗದ ಸಮಾಜ. ಕನ್ನಡ ಶಾಲೆಯ ಮಾಸ್ತರರಾಗಿದ್ದ ಅವರು 'ಸದ್ಬೋಧ ಚಂದ್ರಿಕೆ'ಯ ಮೂಲಕ ಕಥೆಗಳನ್ನು ಮನೆಗಳಿಗೆ ಮುಟ್ಟಿಸಿದರು. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮುಂದೇನಾಯಿತೆಂಬ ಕುತೂಹಲವೇ ಅವರ ಬೋಧನಕ್ರಮ.

ನಮ್ಮ ಪ್ರೌಢಶಾಲೆಗಳಲ್ಲಿ ಬಹುಮಟ್ಟಿಗೆ ನಡೆಯುವುದು ಇದಕ್ಕೆ ವಿಲೋಮ. ಪಾಠದ ಕೊನೆಯ ಪ್ರಶ್ನೆಗಳೇ ಮೊದಲು. ಉತ್ತರ ಹಲಗೆಯ ಮೇಲೆ. ಪಾಠವನ್ನು ಓದದೆಯೇ ತೇರ್ಗಡೆ. ಅಕ್ಷರಗಳನ್ನು ಕೂಡಿಸಿ ಉಚ್ಚರಿಸಬಲ್ಲ ಹುಡುಗನು ಪುಟದ ಅರ್ಥವನ್ನು ಹಿಡಿಯಲಾರ. ಹತ್ತನೆಯ ತರಗತಿಗೆ ಬಂದಮೇಲೆ ಅದನ್ನು ಒಪ್ಪಿಕೊಳ್ಳಲು ಅವನಿಗೆ ನಾಚಿಕೆ. ಆ ನಾಚಿಕೆಗೇ ಅಧ್ಯಾಪಕವರ್ಗವು ಸೋಮಾರಿತನವೆಂದು ಹೆಸರಿಡುತ್ತದೆ. ಅವನನ್ನೆಬ್ಬಿಸಿ ಎಲ್ಲರೆದುರು ಗಟ್ಟಿಯಾಗಿ ಓದಿಸುವುದು ದಂಡನೆಯೇ ಹೊರತು ಬೋಧನೆಯಲ್ಲ.

ಹಾಗೆಂದು ಇಂದು ಅವನ ಕೈಗೆ ಗಳಗನಾಥರನ್ನೇ ಕೊಡುವುದು ಸಲ್ಲದು. ಆ ಸಂಸ್ಕೃತಭೂಯಿಷ್ಠ ವಾಕ್ಯಗಳು ಬಿ.ಎ. ವಿದ್ಯಾರ್ಥಿಗಳನ್ನೂ ದಣಿಸುತ್ತವೆ! ಅಧ್ಯಾಪಕನು ತಾನೇ ಕಥೆಯೊಂದನ್ನು ಓದಿ ಹೇಳಿ, ಅದು ಬಿಗಿಯಾದೆಡೆ ನಿಲ್ಲಿಸಿ, ಮುಂದಿನ ಎರಡು ಪುಟಗಳನ್ನು ತಿಳಿಗನ್ನಡದಲ್ಲಿ ಅವನಿಗೊಪ್ಪಿಸಬಹುದು. ವಸ್ತುವನ್ನು ದೂರ ಹುಡುಕಬೇಕಿಲ್ಲ: 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದಲ್ಲಿ ಮಡಿದ ಮುಂಡರಗಿ ಭೀಮರಾಯನು ಆ ತಾಲ್ಲೂಕಿನವನೇ. ಜನರ ನೆನಪು ಹೇಳುವುದನ್ನೂ ಸರಕಾರಿ ದಾಖಲೆ ಹೇಳುವುದನ್ನೂ ಎರಡು ಹಾಳೆಗಳಲ್ಲಿ ಎದುರುಬದುರಾಗಿಟ್ಟರೆ, ಯಾವುದು ನಿಜವೆಂದು ವಾದಿಸಲು ಹುಡುಗನು ಎರಡನ್ನೂ ಓದಲೇಬೇಕಾಗುತ್ತದೆ. ಗಳಗನಾಥರು ಮುಟ್ಟದೆ ಬಿಟ್ಟ ಕೆಲಸವೂ ಅಲ್ಲಿಂದಲೇ ಮೊದಲಾಗುತ್ತದೆ.