ಶೇ 19ಕ್ಕೂ 20ಕ್ಕೂ ನಡುವೆ

ಮಳೆ ನಕ್ಷೆ ಕಂಡೊಡನೆ ಎಲ್ಲರೂ ಹುಡುಕುವುದು ತಮ್ಮ ಊರಿನ ಬಣ್ಣವನ್ನು. ಮೂಲೆಯಲ್ಲಿರುವ ಸೂಚಿ ಪಟ್ಟಿಯತ್ತ ಯಾರೂ ನೋಡುವುದಿಲ್ಲ. ಈ ಅಂಕಣದ ಹಟವೆಲ್ಲ ಆ ಪಟ್ಟಿಯ ಮೇಲೆಯೇ.

ಹವಾಮಾನ ಇಲಾಖೆಯ ಪಟ್ಟಿಯಲ್ಲಿ ವಾಡಿಕೆಗಿಂತ ಶೇ 19ರವರೆಗೆ ಹೆಚ್ಚಾದರೂ ಕಡಿಮೆಯಾದರೂ ‘ಸಾಮಾನ್ಯ’, ಬಣ್ಣ ಹಸಿರು. ಶೇ 20ರಿಂದ 59ರವರೆಗೆ ಕಡಿಮೆಯಾದರೆ ‘ಕೊರತೆ’, ಕೆಂಪು. ಇದನ್ನೇ ತಾಲ್ಲೂಕಿಗೆ ಇಳಿಸಿ, ಲೆಕ್ಕ ಸಲೀಸಾಗಲೆಂದು ಸವದತ್ತಿ, ರಾಮದುರ್ಗ ಎರಡರ ವಾಡಿಕೆಯೂ 500 ಮಿ.ಮೀ. ಎಂದುಕೊಳ್ಳೋಣ. 405 ಮಿ.ಮೀ. ಬಿದ್ದರೆ ಹಸಿರು, 400 ಬಿದ್ದರೆ ಕೆಂಪು. 402 ಬಿದ್ದರೆ? ಕೊರತೆ ಶೇ 19.6. ಪಟ್ಟಿಯ ಯಾವ ಸಾಲಿನಲ್ಲೂ ಆ ಅಂಕಿಗೆ ಜಾಗವಿಲ್ಲ! ಪೂರ್ಣಾಂಕಕ್ಕೆ ತಂದುಕೊಂಡ ಮೇಲಷ್ಟೇ ಅದು 20 ಆಗಿ ಕೆಂಪಿಗೆ ಸೇರುತ್ತದೆ. ಆ ಮಾತನ್ನು ಪಟ್ಟಿಯ ಕೆಳಗೆ ಒಂದು ಸಾಲಿನಲ್ಲಿ ಹೇಳಿಬಿಡಬೇಕು. ‘0–500, 500–1000’ ಎಂದು ಬರೆಯುವವರದು ಇದಕ್ಕೆ ತದ್ವಿರುದ್ಧವಾದ ತಪ್ಪು. ಅಲ್ಲಿ 500 ಎರಡು ಮನೆಗೂ ಸೇರಿದ ಅಂಕಿ.

ಇನ್ನೊಂದು ಪಂಥ ವರ್ಗಾಂತರವನ್ನು ಸಾಫ್ಟ್‌ವೇರಿಗೇ ಒಪ್ಪಿಸುತ್ತದೆ. ಅಮೆರಿಕದ ಜಾರ್ಜ್ ಜೆಂಕ್ಸ್ ಹೆಸರಿನ ವಿಧಾನ ಅಂಕಿಗಳು ಎಲ್ಲಿ ಗುಂಪುಗೂಡಿವೆಯೋ ನೋಡಿ ಗಡಿ ಹಾಕುತ್ತದೆ. ಒಂದೇ ಒಂದು ನಕ್ಷೆಗಾದರೆ ಸರಿ. ವಾರವಾರವೂ ಬರುವ ನಕ್ಷೆಗೆ ಅದು ಸಲ್ಲದು: ಅಂಕಿ ಬದಲಾದಂತೆ ಗಡಿಯೂ ಸರಿಯುತ್ತದೆ, ಹೋದ ವಾರದ ಕೆಂಪು ಬೇರೆ, ಈ ವಾರದ ಕೆಂಪು ಬೇರೆ. ಬೈಲಹೊಂಗಲದ ರೈತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುವುದೇನು?

ಅಂಕಿಗಿಂತ ದೊಡ್ಡ ತಕರಾರು ಬಣ್ಣದ ಸರದಿಯದು. ಇಲಾಖೆಯ ನಕ್ಷೆಯಲ್ಲಿ ಶೇ 60ರಿಂದ 99ರವರೆಗಿನ ತೀವ್ರ ಕೊರತೆಗೆ ಹಳದಿ. ಅದೇ ಲೆಕ್ಕದಲ್ಲಿ 250 ಮಿ.ಮೀ. ಕಂಡ ಸವದತ್ತಿ ಕೆಂಪಾದರೆ, 150 ಮಾತ್ರ ಕಂಡ ರಾಮದುರ್ಗ ಹಳದಿ. ಸಿಗ್ನಲ್ ದೀಪ ನೋಡಿ ಬೆಳೆದ ಕಣ್ಣಿಗೆ ಸವದತ್ತಿಯ ಸ್ಥಿತಿಯೇ ಹೆಚ್ಚು ಕೆಟ್ಟದ್ದಾಗಿ ಕಾಣುತ್ತದೆ. ತಿಳಿಗೆಂಪಿನಿಂದ ಕಡುಗೆಂಪಿಗೆ ಹೋಗಿದ್ದರೆ ಪಟ್ಟಿ ಓದದವರಿಗೂ ಸತ್ಯ ಗೊತ್ತಾಗುತ್ತಿತ್ತು.

ಹಸಿರೂ ಎಲ್ಲೆಡೆ ಒಂದೇ ಅಲ್ಲ. ಪಶ್ಚಿಮಕ್ಕಿರುವ, ಮಲೆನಾಡಿನ ಸೆರಗಿನ ಕಿತ್ತೂರಿನ ವಾಡಿಕೆ ಮಳೆ ಬಯಲುಸೀಮೆಯ ರಾಮದುರ್ಗದ್ದಕ್ಕಿಂತ ಹೆಚ್ಚು. ಶೇಕಡಾವಾರು ನಕ್ಷೆಯಲ್ಲಿ ಎರಡೂ ಹಸಿರಾದರೆ, ಪ್ರತಿ ಊರು ತನ್ನದೇ ವಾಡಿಕೆಯ ಆಸುಪಾಸಿನಲ್ಲಿದೆ ಎಂದಷ್ಟೇ ಅರ್ಥ. ಹೊಲಕ್ಕೆ ಬಿದ್ದ ನೀರು ಸಮ ಎಂದಲ್ಲ. ತಾಲ್ಲೂಕಿನ ಹೆಸರಿನ ಪಕ್ಕದಲ್ಲೇ ಅದರ ವಾಡಿಕೆ ಮಳೆಯನ್ನು ಮಿ.ಮೀ.ನಲ್ಲಿ ಅಚ್ಚು ಹಾಕಿದರೆ ಈ ಗೊಂದಲ ಉಳಿಯದು.