ಏಮಿಯ ಉತ್ತರ ಮತ್ತು ಅದರ ಓದುಗರು

ಹದಿಹರೆಯಕ್ಕೆ ಕಾಲಿಡುತ್ತಿರುವ ಮಕ್ಕಳ ಪರಾನುಭೂತಿಯನ್ನು, ಎಂದರೆ ಮತ್ತೊಬ್ಬರ ಕಷ್ಟವನ್ನು ಅವರ ನೆಲೆಯಲ್ಲಿ ನಿಂತು ಅರಿಯುವ ಶಕ್ತಿಯನ್ನು, ಕುರಿತ ಚರ್ಚೆಯಲ್ಲಿ ಕ್ಯಾರಲ್ ಗಿಲ್ಲಿಗನ್ ಅವರ ‘ಇನ್ ಎ ಡಿಫರೆಂಟ್ ವಾಯ್ಸ್’ (1982) ಕೃತಿಗೆ ಸಂದ ಕೀರ್ತಿ ಬಹುಮಟ್ಟಿಗೆ ತಪ್ಪು ಕಾರಣಕ್ಕೆ ಸಂದದ್ದು. ಹುಡುಗರದು ನ್ಯಾಯದ ನೀತಿ, ಹುಡುಗಿಯರದು ಕಾಳಜಿಯ ನೀತಿ ಎಂಬ ಸೂತ್ರವಾಗಿ ಅದು ಪ್ರಚಾರ ಪಡೆಯಿತು. ಅದರ ಸತ್ತ್ವವಿರುವುದು ಜೇಕ್ ಮತ್ತು ಏಮಿ ಎಂಬ ಹನ್ನೊಂದು ವರ್ಷದ ಇಬ್ಬರು ಮಕ್ಕಳ ಸಂದರ್ಶನದ ಕೆಲವೇ ಪುಟಗಳಲ್ಲಿ.

ನೈತಿಕ ಬೆಳವಣಿಗೆಯನ್ನು ಆರು ಹಂತಗಳಲ್ಲಿ ಅಳೆಯಲು ಲಾರೆನ್ಸ್ ಕೋಲ್‌ಬರ್ಗ್ ಬಳಸಿದ ಕತೆ ಪರಿಚಿತವೇ: ತಯಾರಿಸಲು 200 ಡಾಲರ್ ತಗಲುವ ಔಷಧಕ್ಕೆ ಅಂಗಡಿಯವನು 2000 ಡಾಲರ್ ಕೇಳುವಾಗ, ಸಾವಿನಂಚಿನಲ್ಲಿರುವ ಹೆಂಡತಿಗಾಗಿ ಹೈನ್ಸ್ ಅದನ್ನು ಕದಿಯಬೇಕೇ? ಹಣಕ್ಕಿಂತ ಜೀವ ದೊಡ್ಡದಾದ್ದರಿಂದ ಕದಿಯಬೇಕೆನ್ನುತ್ತಾನೆ ಜೇಕ್. ಕದಿಯಲೂಬಾರದು, ಹೆಂಡತಿ ಸಾಯಲೂಬಾರದು ಎನ್ನುವ ಏಮಿ, ಸಾಲ ತರುವ ದಾರಿಯಿದೆಯೆಂದೂ, ಗಂಡ ಜೈಲು ಸೇರಿದರೆ ಹೆಂಡತಿಯ ಕಾಯಿಲೆ ಮರುಕಳಿಸಿದಾಗ ಔಷಧ ತರುವವರಿಲ್ಲವೆಂದೂ, ಆದ್ದರಿಂದ ಮಾತನಾಡಿಯೇ ಬಗೆಹರಿಸಿಕೊಳ್ಳಬೇಕೆಂದೂ ವಾದಿಸುತ್ತಾಳೆ. ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಂತೆ ಅವಳ ದನಿ ಅಳುಕುತ್ತದೆ. ಕೋಲ್‌ಬರ್ಗ್‌ರ ಅಳತೆಯಲ್ಲಿ ಅವಳು ಜೇಕ್‌ಗಿಂತ ಒಂದು ಹಂತ ಕೆಳಗೆ ಬೀಳುತ್ತಾಳೆ.

ಮೂಲ ಕತೆಯಲ್ಲಿ ಹೈನ್ಸ್ ಆಗಲೇ ಎಲ್ಲರಲ್ಲೂ ಸಾಲ ಬೇಡಿ ಅರ್ಧ ಹಣವನ್ನಷ್ಟೇ ಕೂಡಿಸಿರುವುದರಿಂದ, ಏಮಿಯ ಸಲಹೆ ತಿಳಿಗೇಡಿತನವೆಂದು ತೋರಬಹುದು. ಆದರೆ ಕತೆಗಾರನಿಗೆ ಬರೀ ಅಡ್ಡಿಯಾಗಿರುವ ಅಂಗಡಿಯವನನ್ನು ಅವಳು ಹೊಣೆಯುಳ್ಳ ಮನುಷ್ಯನೆಂದು ಎಣಿಸುತ್ತಾಳೆ, ಅವನ ನಿರಾಕರಣೆಯನ್ನು ಕೊನೆಯ ಮಾತೆಂದು ಒಪ್ಪುವುದಿಲ್ಲ, ಕಳವಿನ ಆ ಒಂದು ಗಳಿಗೆಯಾಚೆಗೂ ರೋಗಿಯ ಮುಂದಿನ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾಳೆ. ಇದು ಸಾಮಾಜಿಕ ಹೊಣೆಗಾರಿಕೆಯ ಪ್ರೌಢ ರೂಪ. ಗಿಲ್ಲಿಗನ್ ಇದನ್ನು ಕಂಡರು, ಮತ್ತು ಹಾಗೆ ಕಂಡದ್ದು ದೊಡ್ಡ ಸಾಧನೆ.

ಅನಂತರದ ಜಗಳ ಮಾತ್ರ ದಾರಿ ತಪ್ಪಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಲಾರೆನ್ಸ್ ವಾಕರ್ 1984ರಲ್ಲಿ, ಕೋಲ್‌ಬರ್ಗ್‌ರ ಅಳತೆಯಲ್ಲಿ ಗಂಡು ಹೆಣ್ಣಿನ ಅಂತರ ಅತ್ಯಲ್ಪವೆಂದು ತೋರಿಸಿದಾಗ, ಕೃತಿಯೇ ಕುಸಿಯಿತೆಂದು ವಿರೋಧಿಗಳು ಭಾವಿಸಿದರು. ಅಂಕಗಳು ಸಮವಾದರೆ ಅಳತೆಗೋಲು ಸರಿಯೆಂದು ಸಿದ್ಧವಾಗುವುದಿಲ್ಲ; ಏಮಿಯ ಮಾತು ಅದಕ್ಕೆ ಕೇಳಿಸಿತೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸ್ತ್ರೀಸ್ವಭಾವವನ್ನು ಎತ್ತಿಹಿಡಿದ ಬೆಂಬಲಿಗರೂ ಆ ಪ್ರಶ್ನೆಯನ್ನು ಕೈಬಿಟ್ಟರು.

ಇದರಲ್ಲಿ ಗಿಲ್ಲಿಗನ್ ಅವರ ಪಾಲೂ ಇದೆ. ಈ ಭಿನ್ನ ದನಿಯನ್ನು ಗುರುತಿಸಬೇಕಾದದ್ದು ವಸ್ತುವಿನಿಂದ, ಲಿಂಗದಿಂದಲ್ಲ ಎಂದು ಪೀಠಿಕೆಯಲ್ಲಿ ಎಚ್ಚರಿಸಿದವರೇ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಎದುರುಬದುರು ನಿಲ್ಲಿಸಿದರು. ಸಿಕ್ಕಿಬಿದ್ದರೂ ನ್ಯಾಯಾಧೀಶರು ಹೈನ್ಸ್‌ನ ಕಷ್ಟವನ್ನು ಅರಿತು ಶಿಕ್ಷೆಯನ್ನು ಇಳಿಸುವರೆಂದು ಜೇಕ್ ನಂಬುತ್ತಾನೆ. ತನಗೆ ಬೇಕಾದದ್ದನ್ನು ಮಾಡುವಾಗಲೂ ನೆರೆಯವರಿಗಾಗುವ ಹಾನಿಯನ್ನು ಎಣಿಸಬೇಕೆನ್ನುತ್ತಾನೆ. ಏಮಿಯ ಮಾತಿನಲ್ಲಿ ಸ್ಪಂದನವನ್ನು ಕಂಡ ಗಿಲ್ಲಿಗನ್ ಜೇಕ್‌ನ ಮಾತಿನಲ್ಲಿ ಸ್ವನಿಯಂತ್ರಣವನ್ನಷ್ಟೇ ಕಾಣುತ್ತಾರೆ. ಹುಡುಗಿಯ ಉತ್ತರಕ್ಕೆ ಅವರು ತೋರಿದ ತಾಳ್ಮೆ ಹುಡುಗನ ಉತ್ತರಕ್ಕೆ ದೊರೆಯಲಿಲ್ಲ.